ಬಿ.ಎಡ್. ಎಲ್ಲ ಬೀಗಕ್ಕೂ ಕೀಲಿಕೈ ಅಲ್ಲ!

ಪಿಯುಸಿ ಫಲಿತಾಂಶ ಬಂದ ವಾರ ಬಸ್ ಸ್ಟ್ಯಾಂಡಿನ ಯಾವ ಅಂಗಡಿ ಮುಂದೆ ನಿಂತರೂ ಒಂದೇ ಮಾತು. ‘ಮಗಳನ್ನ ಟೀಚರ್ ಮಾಡ್ಬೇಕು, ಯಾವುದಕ್ಕೆ ಸೇರಿಸ್ಲಿ?’ ಪಕ್ಕದವರ ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ಡಿಗ್ರಿ ಮಾಡ್ಸಿ, ಆಮೇಲೆ ಬಿ.ಎಡ್. ಮಾಡ್ಸಿ. ಎಲ್ಲಾದಕ್ಕೂ ಆಗುತ್ತೆ.’

ಆಗೋದಿಲ್ಲ ಸ್ವಾಮಿ! ಒಂದರಿಂದ ಐದನೇ ತರಗತಿಯ ಮೇಷ್ಟ್ರ ಕೆಲಸಕ್ಕೆ ಬಿ.ಎಡ್. ನಡೆಯೋದಿಲ್ಲ. ಕೆಲವು ವರ್ಷ ನಡೆದದ್ದು ನಿಜ. 2018ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಒಂದು ಅಧಿಸೂಚನೆ ಹೊರಡಿಸಿ, ಬಿ.ಎಡ್. ಆದವರನ್ನೂ ತೆಗೆದುಕೊಳ್ಳಿ, ಕೆಲಸಕ್ಕೆ ಸೇರಿದ ಮೇಲೆ ಆರು ತಿಂಗಳ ಕೋರ್ಸು ಮುಗಿಸಿದರೆ ಸಾಕು ಎಂದಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಆ ಬಾಗಿಲು ಮುಚ್ಚಿತು. ಮುಚ್ಚಿದ್ದು ಸರಿಯೇ. ಬಳಪ ಹಿಡಿಯಲು ಬಾರದ ಆರು ವರ್ಷದ ಮಗುವಿಗೆ ಅಕ್ಷರ ತಿದ್ದಿಸುವ ವಿದ್ಯೆ ಬೇರೆ, ಮೀಸೆ ಚಿಗುರಿದ ಹುಡುಗನಿಗೆ ಬೀಜಗಣಿತ ಹೇಳುವ ವಿದ್ಯೆ ಬೇರೆ. ಆದರೆ ಅಧಿಸೂಚನೆ ನಂಬಿ ಸಾಲ ಮಾಡಿ ಫೀಸು ಕಟ್ಟಿದವರ ಪಾಡೇನು? ಅದನ್ನು ಕೇಳುವವರಿಲ್ಲ.

ಇನ್ನು ಲೆಕ್ಕಕ್ಕೆ ಬನ್ನಿ. ಹಿಂದೆ ಟಿಸಿಎಚ್ ಅಂತಿದ್ದದ್ದು ಈಗ ಡಿ.ಎಲ್.ಎಡ್. ಪಿಯುಸಿ ಆದ ಮೇಲೆ ಎರಡು ವರ್ಷ. ಅದರ ಬೆನ್ನಿಗೆ ಮೂರು ವರ್ಷದ ಡಿಗ್ರಿ ಮಾಡಿದರೆ ಆರರಿಂದ ಎಂಟರವರೆಗೂ ದಾರಿ ತೆರೆಯುತ್ತದೆ. ಮೂರು ವರ್ಷ ಡಿಗ್ರಿ, ಎರಡು ವರ್ಷ ಬಿ.ಎಡ್. ಅಂದರೂ ಅದೇ ಐದು ವರ್ಷವೇ. ಆಗ ಸಿಗುವುದು ಆರರಿಂದ ಎಂಟು ಮತ್ತು ಹೈಸ್ಕೂಲು. ಚಿಕ್ಕ ಮಕ್ಕಳ ಕ್ಲಾಸು ಇಲ್ಲ. ಮಗಳಿಗೆ ಯಾವ ಮಕ್ಕಳೊಂದಿಗೆ ಒಗ್ಗುತ್ತದೆ ಅಂತ ಅಪ್ಪ ಒಂದು ಸಲ ಕೇಳಿದರೆ ಅರ್ಧ ತೊಡಕು ಅಲ್ಲೇ ಬಗೆಹರಿದೀತು. ಕೇಳುವವರೇ ಕಡಿಮೆ!

ಒಂದರಿಂದ ಎಂಟರವರೆಗಿನ ಕೆಲಸಕ್ಕೆ ಟಿಇಟಿ ಬೇರೆ ಪಾಸಾಗಬೇಕು. 150 ಅಂಕಕ್ಕೆ 90, ಮೀಸಲಾತಿಯವರಿಗೆ ಸ್ವಲ್ಪ ರಿಯಾಯಿತಿ. ಪಾಸಾದರೂ ಅದು ಕೆಲಸದ ಆರ್ಡರಲ್ಲ; ಸರ್ಕಾರ ನೇಮಕಾತಿ ಕರೆಯುವವರೆಗೆ ಕಾಯಲೇಬೇಕು.

ಅಡ್ಮಿಷನ್ ಹೊತ್ತಿಗೆ ಊರೆಲ್ಲ ಬ್ಯಾನರ್ ಕಟ್ಟುವವರು ಇದನ್ನು ಹೇಳುವುದಿಲ್ಲ, ಅವರಿಗೆ ಸೀಟು ತುಂಬಿದರೆ ಸಾಕು. ಹೇಳಬೇಕಾದ್ದು ಇಲಾಖೆ. ಯಾವ ಕೋರ್ಸು ಯಾವ ತರಗತಿಗೆ ಅಂತ ನಾಲ್ಕು ಸಾಲು ಬರೆಸಿ ಬಿಇಒ ಕಚೇರಿ ಗೋಡೆಗೂ ಬಸ್ ಸ್ಟ್ಯಾಂಡಿಗೂ ಒಂದೊಂದು ಬೋರ್ಡು ಹಾಕಲಿ. ಪಿಯು ಫಲಿತಾಂಶಕ್ಕೆ ಮೊದಲೇ ಹಾಕಲಿ, ಫೀಸು ಕಟ್ಟಿಯಾದ ಮೇಲಲ್ಲ.