ನಮ್ಮ ಕಾಲೇಜಿಗೂ ಹುಡುಗಿಯರ ಕ್ರಿಕೆಟ್ ತಂಡ ಬೇಕು

ಕಳೆದ ತಿಂಗಳು ಲೀಷರ್ ಪೀರಿಯಡ್‌ನಲ್ಲಿ ನಮ್ಮ ಕ್ಲಾಸಿನ ಹುಡುಗಿಯರಿಗೆ ಒಂದು ಪ್ರಶ್ನೆ ಕೇಳಿದೆ. ಕರ್ನಾಟಕ ಮಹಿಳಾ ಕ್ರಿಕೆಟ್ ತಂಡಕ್ಕೆ ಆಡಿದ ಐದು ಜನರ ಹೆಸರು ಹೇಳಿ ಎಂದೆ. ಮೊದಲು ಬಂದ ಹೆಸರು ಸ್ಮೃತಿ ಮಂದಾನ. ಎರಡನೆಯದು ಎಲಿಸ್ ಪೆರಿ. ಮೂರನೆಯದು ಶ್ರೇಯಾಂಕಾ ಪಾಟೀಲ. ಅಲ್ಲಿಗೆ ನಿಂತಿತು. ಮಂದಾನ ಸಾಂಗ್ಲಿಯವರು, ಮಹಾರಾಷ್ಟ್ರಕ್ಕೆ ಆಡುತ್ತಾರೆ. ಪೆರಿ ಆಸ್ಟ್ರೇಲಿಯಾದವರು. ಅಂದರೆ ಐದಕ್ಕೆ ಒಂದು ಅಂಕ. ನಗುವ ವಿಷಯವೇನಲ್ಲ, ಎರಡು ವರ್ಷದ ಹಿಂದೆ ನನ್ನನ್ನು ಕೇಳಿದ್ದರೂ ಇದೇ ಉತ್ತರ ಕೊಡುತ್ತಿದ್ದೆ. ನಮಗೆಲ್ಲ ಆರ್‌ಸಿಬಿ ಅಂದರೆ ಕರ್ನಾಟಕ, ಕರ್ನಾಟಕ ಅಂದರೆ ಆರ್‌ಸಿಬಿ.

2024ರ ಮಾರ್ಚ್ 17 ನನಗೆ ಚೆನ್ನಾಗಿ ನೆನಪಿದೆ. ರಂಜಾನ್ ತಿಂಗಳು ಶುರುವಾಗಿ ಇನ್ನೂ ವಾರ ಆಗಿರಲಿಲ್ಲ. ದೆಹಲಿಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಫೈನಲ್. ನಮ್ಮಣ್ಣ ತರಾವೀಹ್ ಮುಗಿಸಿ ಮನೆಗೆ ಬಂದವನೇ ಟೋಪಿ ತೆಗೆಯದೆ ಟಿ.ವಿ. ಮುಂದೆ ಕುಳಿತ. ಶ್ರೇಯಾಂಕಾ 12 ರನ್ ಕೊಟ್ಟು 4 ವಿಕೆಟ್ ತೆಗೆದಿದ್ದಳು. ಗೆದ್ದಾಗ ಹರಿಹರದ ನಮ್ಮ ಬೀದಿಯಲ್ಲಿ ಪಟಾಕಿ ಸದ್ದು. ಹುಡುಗಿಯರ ಕ್ರಿಕೆಟ್‌ಗೆ ನಮ್ಮ ಬೀದಿಯಲ್ಲಿ ಪಟಾಕಿ ಹಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾರನೇ ದಿನ ಅಣ್ಣನ ಹತ್ತಿರ ಬ್ಯಾಟ್ ಕೇಳಿದೆ. "ನಿಂಗ್ಯಾಕೆ? ಈಗೇನು ಸಣ್ಣ ಹುಡುಗಿನಾ?" ಅಂದ. ಟಿ.ವಿ.ಯಲ್ಲಿ ಶ್ರೇಯಾಂಕಾ, ಬೀದಿಯಲ್ಲಿ ನಾನು ಬೇಡ!

ಆರ್‌ಸಿಬಿ ಒಂದು ಕಂಪನಿಯ ತಂಡ. ಹಣ ಕೊಟ್ಟು ಎಲ್ಲಿಂದ ಬೇಕಾದರೂ ಆಟಗಾರ್ತಿಯರನ್ನು ತರಬಹುದು. ಕರ್ನಾಟಕ ತಂಡ ಹಾಗಲ್ಲ. ಅದು ಇಲ್ಲಿನ ಊರುಗಳಿಂದಲೇ ಬರಬೇಕು. ನಮ್ಮ ಊರಿನಿಂದಲೂ ಬರಬೇಕು. ಹಾಗಾಗಿ ಆ ತಂಡದ ಕಥೆಯನ್ನು ಸ್ವಲ್ಪ ಹೇಳುತ್ತೇನೆ.

ಶಾಂತಾ ರಂಗಸ್ವಾಮಿ ಭಾರತ ಮಹಿಳಾ ತಂಡದ ಮೊದಲ ನಾಯಕಿ. ಭಾರತದ ಮಹಿಳೆಯರ ಮೊದಲ ಟೆಸ್ಟ್ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 1976ರ ಅಕ್ಟೋಬರ್ 31ರಂದು, ವೆಸ್ಟ್ ಇಂಡೀಸ್ ಎದುರು. ಮರುವರ್ಷ ನ್ಯೂಜಿಲೆಂಡ್‌ನಲ್ಲಿ ಅವರು 108 ರನ್ ಹೊಡೆದರು. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ ಅದು. ಆಗ ಮಹಿಳಾ ಕ್ರಿಕೆಟ್ ಬಿಸಿಸಿಐ ಕೈಯಲ್ಲಿ ಇರಲಿಲ್ಲ, ಅದು ಬಂದದ್ದು 2006ರಲ್ಲಿ. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗಿ, ಡಾರ್ಮಿಟರಿಯ ನೆಲದ ಮೇಲೆ ಮಲಗಿ ಆಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ.

ಇನ್ನು ವೇದಾ ಕೃಷ್ಣಮೂರ್ತಿ. ಹರಿಹರದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋದವರೆಲ್ಲ ಅವರ ಊರು ನೋಡಿದ್ದೀರಿ. ಚಿಕ್ಕಜಾಜೂರು, ಅಜ್ಜಂಪುರ, ಬೀರೂರು ದಾಟಿದರೆ ಕಡೂರು. ಅಲ್ಲಿನ ಹುಡುಗಿ. ಚಿಕ್ಕಂದಿನಲ್ಲಿ ಕರಾಟೆ ಕಲಿತು ಬ್ಲ್ಯಾಕ್ ಬೆಲ್ಟ್ ಪಡೆದಿದ್ದವರು. ಆಮೇಲೆ ಬೆಂಗಳೂರಿಗೆ ಬಂದು ಇರ್ಫಾನ್ ಸೇಠ್ ಅವರ ಸಂಸ್ಥೆಯಲ್ಲಿ ಕ್ರಿಕೆಟ್ ಕಲಿತರು. ಭಾರತದ ಪರ ಮೊದಲ ಪಂದ್ಯ ಆಡಿದ್ದು 2011ರಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿ. ಅದರಲ್ಲೇ 51 ಹೊಡೆದರು.

ಅದೇ ಡರ್ಬಿಯಲ್ಲಿ 2017ರ ಜುಲೈ 15ರಂದು ಇನ್ನೊಂದು ಪಂದ್ಯ ನಡೆಯಿತು. ಯಾರಾದರೂ ಬಿಡುವಾದಾಗ ಯೂಟ್ಯೂಬ್‌ನಲ್ಲಿ ನೋಡಿ. ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು ಗೆದ್ದರೆ ಸೆಮಿಫೈನಲ್, ಸೋತರೆ ಮನೆಗೆ. ಮಿಥಾಲಿ ರಾಜ್ ಶತಕ ಹೊಡೆದರು. ಕೊನೆಯಲ್ಲಿ ಬಂದ ವೇದಾ 45 ಬಾಲ್‌ಗೆ 70 ರನ್ ಚಚ್ಚಿದರು. ಭಾರತ 265. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಎಡಗೈ ಸ್ಪಿನ್ ಹಾಕಿ 15 ರನ್‌ಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಕಡೂರು ಮತ್ತು ವಿಜಯಪುರ, ಎರಡೂ ನಮ್ಮ ದಾವಣಗೆರೆಗಿಂತ ದೊಡ್ಡ ಊರುಗಳೇನಲ್ಲ. ವಿಜಯಪುರವಂತೂ ಬೆಂಗಳೂರಿಗೆ ನಮಗಿಂತ ಹೆಚ್ಚುಕಡಿಮೆ ಎರಡರಷ್ಟು ದೂರ.

ರಾಜೇಶ್ವರಿ ಬಗ್ಗೆ ಓದುವಾಗ ನನಗೆ ಹಿಡಿಸಿದ್ದು ಆ ಐದು ವಿಕೆಟ್‌ಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ಅವರೇನು ಚಿಕ್ಕಂದಿನಿಂದ ಕ್ರಿಕೆಟ್ ಕೋಚಿಂಗ್ ಪಡೆದವರಲ್ಲ. ಬೇರೆ ಆಟಗಳನ್ನು ಆಡಿಕೊಂಡಿದ್ದ ಹುಡುಗಿ. ಅವರ ಊರಿನಲ್ಲೇ ಹೆಣ್ಣುಮಕ್ಕಳಿಗೆ ಒಂದು ಕ್ಲಬ್ ಶುರುವಾದಾಗ ಕ್ರಿಕೆಟ್‌ಗೆ ಬಂದರು. ತಂಗಿ ರಾಮೇಶ್ವರಿಯೂ ಕರ್ನಾಟಕಕ್ಕೆ ಆಡಿದರು. ಒಂದು ಕ್ಲಬ್ ಇಲ್ಲದಿದ್ದರೆ ಆ 5 ವಿಕೆಟ್ ಇಲ್ಲ. ನಾನು ಈ ಲೇಖನ ಬರೆಯುತ್ತಿರುವುದೇ ಇದಕ್ಕೆ.

ಕೆಲವರು ಕೇಳಬಹುದು, ಕ್ರಿಕೆಟ್ ಆಡಿ ಏನು ಸಿಗುತ್ತೆ? ನಮ್ಮ ಅಮ್ಮಿಯೂ ಕೇಳುತ್ತಾರೆ. ದೇಶದ ಮಹಿಳಾ ಟೂರ್ನಿಗಳಲ್ಲಿ ಹೆಚ್ಚು ಸಲ ಗೆದ್ದಿರುವುದು ಯಾವುದೇ ರಾಜ್ಯವಲ್ಲ, ರೈಲ್ವೇಸ್ ತಂಡ. ಕಾರಣ ಸರಳ. ರೈಲ್ವೆ ಇಲಾಖೆ ಆಟಗಾರ್ತಿಯರಿಗೆ ನೌಕರಿ ಕೊಡುತ್ತದೆ. ಮಿಥಾಲಿ ರಾಜ್ ಅಲ್ಲಿದ್ದರು. ನಮ್ಮ ರಾಜೇಶ್ವರಿಯೂ ಆಮೇಲೆ ರೈಲ್ವೇಸ್‌ಗೆ ಹೋದರು. ಕರ್ನಾಟಕ ತಂಡ ಬೆಳೆಸಿದವರನ್ನೇ ಕರ್ನಾಟಕ ಎದುರಿಗೆ ನೋಡಬೇಕಾಗುತ್ತದೆ. ಇದು ರಾಜ್ಯ ಸರ್ಕಾರ ಯೋಚಿಸಬೇಕಾದ ವಿಷಯ. ಆದರೆ ನಮ್ಮ ತಂದೆತಾಯಿಗೆ ಹೇಳಲು ಒಳ್ಳೆಯ ಉತ್ತರವೂ ಹೌದು, ಸರ್ಕಾರಿ ನೌಕರಿ ಎಂಬ ಮಾತಿಗೆ ನಮ್ಮ ಕಡೆ ಇರುವ ಬೆಲೆ ನಿಮಗೇ ಗೊತ್ತು. ಬೆಂಗಳೂರಿನ ವೃಂದಾ ದಿನೇಶ್ 2023ರ ಹರಾಜಿನಲ್ಲಿ 1.3 ಕೋಟಿ ರೂಪಾಯಿಗೆ ಹೋದರು ಎಂದು ಓದಿ ಹೇಳಿದಾಗ ನಮ್ಮ ಅಬ್ಬಾ ಪೇಪರ್ ಇಸಕೊಂಡು ಸೊನ್ನೆ ಎಣಿಸಿದರು.

2025ರ ನವೆಂಬರ್ 2ರಂದು ಭಾರತ ದಕ್ಷಿಣ ಆಫ್ರಿಕಾವನ್ನು 52 ರನ್‌ನಿಂದ ಸೋಲಿಸಿ ಮೊದಲ ಸಲ ವಿಶ್ವಕಪ್ ಗೆದ್ದಿತು. ನಾವೆಲ್ಲ ಸ್ಟೇಟಸ್ ಹಾಕಿದೆವು. ಆದರೆ ಆ ಗೆದ್ದ ತಂಡದಲ್ಲಿ ಕರ್ನಾಟಕದ ಒಬ್ಬ ಹುಡುಗಿಯೂ ಇರಲಿಲ್ಲ. ಇದನ್ನು ಎಷ್ಟು ಜನ ಗಮನಿಸಿದಿರಿ? ಶಾಂತಾ ರಂಗಸ್ವಾಮಿಯವರ ರಾಜ್ಯದಿಂದ ಒಬ್ಬರೂ ಇಲ್ಲ. ಶ್ರೇಯಾಂಕಾಗೆ ಗಾಯವಾಗಿತ್ತು, ಅದು ನಿಜ. ಆದರೆ ಒಬ್ಬಳಿಗೆ ಗಾಯವಾದರೆ ಇಡೀ ರಾಜ್ಯವೇ ಖಾಲಿ ಆಗಬೇಕೇ? ಆ ತಂಡದಲ್ಲಿ ಇದ್ದವರು ಎಲ್ಲಿಯವರು ನೋಡಿ. ಕ್ರಾಂತಿ ಗೌಡ್ ಮಧ್ಯಪ್ರದೇಶದ ಘುವಾರಾ ಎಂಬ ಸಣ್ಣ ಊರಿನವಳು. ಶ್ರೀ ಚರಣಿ ಆಂಧ್ರದ ಕಡಪ ಜಿಲ್ಲೆಯವಳು. ರೇಣುಕಾ ಸಿಂಗ್ ಹಿಮಾಚಲದ ಬೆಟ್ಟದ ಹಳ್ಳಿಯವಳು. ಹಿಮಾಚಲ ನಮ್ಮ ರಾಜ್ಯಕ್ಕಿಂತ ಎಷ್ಟೋ ಸಣ್ಣದು. ಆದರೆ ಧರ್ಮಶಾಲಾದಲ್ಲಿ ಹುಡುಗಿಯರಿಗೇ ವಸತಿ ಇರುವ ಅಕಾಡೆಮಿ ಮಾಡಿದ್ದಾರೆ. ರೇಣುಕಾ, ಹರ್ಲೀನ್ ದೇವಲ್, ಸುಷ್ಮಾ ವರ್ಮಾ ಎಲ್ಲರೂ ಅಲ್ಲಿಂದ ಬಂದವರು.

ಕಿರಿಯರ ತಂಡದ ಸುದ್ದಿ ಮಾತ್ರ ಸಮಾಧಾನ ಕೊಡುತ್ತದೆ. 2025ರ ಫೆಬ್ರವರಿಯಲ್ಲಿ ಮಲೇಷ್ಯಾದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಕರ್ನಾಟಕದ ನಿಕಿ ಪ್ರಸಾದ್. ಆ ತಂಡದ ಕೋಚ್ ನೂಶಿನ್ ಅಲ್ ಖದೀರ್. ಈ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನ್ನ ಐದು ಹೆಸರಿನ ಪ್ರಶ್ನೆಗೆ ಯಾರೂ ಇದನ್ನು ಹೇಳಲಿಲ್ಲ, ನಮ್ಮ ಕಾಲೇಜಿನಲ್ಲೇ! ನೂಶಿನ್ ಹುಟ್ಟಿದ್ದು ಇರಾನಿನ ಟೆಹ್ರಾನ್‌ನಲ್ಲಿ, ಆಡಿದ್ದು ಕರ್ನಾಟಕಕ್ಕೆ, ಆಮೇಲೆ ರೈಲ್ವೇಸ್‌ಗೆ. ಆಫ್ ಸ್ಪಿನ್ನರ್. ಏಕದಿನ ಪಂದ್ಯಗಳಲ್ಲಿ ಭಾರತಕ್ಕೆ 100 ವಿಕೆಟ್ ತೆಗೆದವರು. 2005ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಿಶ್ವಕಪ್ ಫೈನಲ್ ಸೋತ ತಂಡದಲ್ಲಿದ್ದರು. 18 ವರ್ಷದ ಮೇಲೆ, 2023ರ ಜನವರಿಯಲ್ಲಿ, ಅದೇ ದೇಶಕ್ಕೆ ಹುಡುಗಿಯರನ್ನು ಕರೆದುಕೊಂಡು ಹೋಗಿ ಮೊದಲ 19ರೊಳಗಿನ ವಿಶ್ವಕಪ್ ಗೆಲ್ಲಿಸಿದರು. ಎರಡು ಸಲ ಗೆದ್ದಾಗಲೂ ಕೋಚ್ ಅವರೇ.

ಕ್ರಿಕೆಟ್ ಅಂದ ಕೂಡಲೇ ಹೊರಗಿನವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ನಿಮ್ಮಲ್ಲಿ ಬಿಡ್ತಾರಾ?" ಬಟ್ಟೆ ಬಗ್ಗೆ, ಬುರ್ಖಾ ಬಗ್ಗೆ ಅವರೇ ಮಾತಾಡಿಕೊಳ್ಳುತ್ತಾರೆ. ನಾನು ಅಬ್ಬಾನನ್ನು ನೇರವಾಗಿ ಕೇಳಿದೆ. ಅವರು ಬಟ್ಟೆಯ ಮಾತನ್ನೇ ಎತ್ತಲಿಲ್ಲ. "ಯಾರ ಜೊತೆ ಆಡ್ತೀಯಮ್ಮಾ? ಮೇಡಂ ಇರ್ತಾರಾ? ಎಷ್ಟೊತ್ತಿಗೆ ವಾಪಸ್?" ಇಷ್ಟೇ. ಮೂರು ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲರ ಮನೆಯಲ್ಲೂ ಹೀಗೇ ಅಂತ ನಾನು ಹೇಳುವುದಿಲ್ಲ. ಬೇಡವೇ ಬೇಡ ಅನ್ನುವ ಮನೆಗಳೂ ಇವೆ, ಎಲ್ಲ ಜಾತಿ ಧರ್ಮಗಳಲ್ಲೂ ಇವೆ. ಆದರೆ ಉತ್ತರ ಸಿಕ್ಕರೆ ಹೂಂ ಅನ್ನುವ ಮನೆಗಳ ಕಡೆಗಾದರೂ ನಾವು ನೋಡಬೇಕಲ್ಲ?

ದಾವಣಗೆರೆಗೆ ಕ್ರಿಕೆಟ್ ಹೊಸದಲ್ಲ. ಆಟೊ ಓಡಿಸುತ್ತಿದ್ದವರ ಮಗ ವಿನಯ್ ಕುಮಾರ್ ಇಲ್ಲಿಂದ ಹೋಗಿ ಭಾರತಕ್ಕೆ ಆಡಿದರು, ಕರ್ನಾಟಕಕ್ಕೆ ಸತತ ಎರಡು ರಣಜಿ ಟ್ರೋಫಿ ತಂದ ನಾಯಕರಾದರು. ಹೈಸ್ಕೂಲ್ ಮೈದಾನದಲ್ಲಿ ಲೈಟ್ ಹಾಕಿ ಟೆನಿಸ್ ಬಾಲ್ ಟೂರ್ನಿ ನಡೆದರೆ ಊರಿಗೆ ಊರೇ ನೆರೆಯುತ್ತದೆ. ನಾವು ಹುಡುಗಿಯರು ಬಸ್ಸಿನ ಕಿಟಕಿಯಿಂದ ನೋಡುತ್ತೇವೆ. ಶಾಲೆಯಲ್ಲಿದ್ದಾಗ ನಾನು ಕ್ರಿಕೆಟ್‌ಗೆ ಹೆಸರು ಕೊಡಲು ಹೋದರೆ, ಹುಡುಗಿಯರಿಗೆ ಥ್ರೋಬಾಲ್ ಇದೆ ಎಂದು ಕಳಿಸಿದರು. ಥ್ರೋಬಾಲ್ ಒಳ್ಳೆಯ ಆಟ, ನಾನು ಆಡಿದ್ದೇನೆ. ಆದರೆ ನನಗೆ ಬೇಕಾದದ್ದು ಅದಲ್ಲ.

ಹರಿಹರದಲ್ಲಿ ನನ್ನ ಖಾಲಾನ ಮಗಳು ಒಬ್ಬಳಿದ್ದಾಳೆ, ಒಂಬತ್ತನೇ ಕ್ಲಾಸು. ಮನೆ ಹಿಂದಿನ ಗಲ್ಲಿಯಲ್ಲಿ ಟೆನಿಸ್ ಬಾಲ್‌ನಲ್ಲೇ ಆಫ್ ಸ್ಪಿನ್ ಹಾಕುತ್ತಾಳೆ. ಬಾಲು ಗೋಡೆ ಕಡೆಯಿಂದ ಒಳಗೆ ತಿರುಗಿ ಸ್ಟಂಪ್‌ಗೆ, ಅಂದರೆ ಕೊಡಪಾನಕ್ಕೆ, ಠಣ್ ಅಂತ ಬಡಿಯುತ್ತದೆ. ನಮ್ಮಣ್ಣನನ್ನೇ ಮೂರು ಸಲ ಔಟ್ ಮಾಡಿದ್ದಾಳೆ. ಎಸ್ಸೆಸ್ಸೆಲ್ಸಿ ಬಂದ ಮೇಲೆ ಆಟ ಸಾಕು ಎಂದು ಖಾಲಾ ಈಗಲೇ ಹೇಳಿಟ್ಟಿದ್ದಾರೆ. ನನಗೂ ಎಂಟನೇ ಕ್ಲಾಸಿನಲ್ಲಿ ಹೀಗೇ ಹೇಳಿದ್ದರು, ನಾನು ಬಿಟ್ಟೆ. ಬೆಂಗಳೂರಿಗೆ ಕಳಿಸಿ ಕಲಿಸುವಷ್ಟು ಅನುಕೂಲ ನಮ್ಮ ಯಾರ ಮನೆಯಲ್ಲೂ ಇಲ್ಲ. ಅವಳು ಇನ್ನೆರಡು ವರ್ಷಕ್ಕೆ ನಮ್ಮ ಕಾಲೇಜಿಗೇ ಬರುತ್ತಾಳೆ. ಆಗ ಇಲ್ಲಿ ತಂಡ ಇದ್ದರೆ ಅವಳು ಬಾಲು ಕೆಳಗಿಡುವುದಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ನನ್ನ ಮನವಿ ದೊಡ್ಡದೇನಲ್ಲ. ವಾರಕ್ಕೆ ಎರಡು ದಿನ, ಕ್ಲಾಸು ಬಿಟ್ಟ ಮೇಲೆ ಒಂದು ಗಂಟೆ ನಮ್ಮ ಮೈದಾನ ಹುಡುಗಿಯರಿಗೆ ಬಿಟ್ಟುಕೊಡಿ. ಆ ಒಂದು ಗಂಟೆ ಒಬ್ಬ ಮೇಡಂ ಇರಲಿ. ಐದು ಗಂಟೆಯೊಳಗೆ ಮುಗಿಯಲಿ. ಈಗ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಐದೂಕಾಲರ ಹರಿಹರ ಬಸ್ ಸಿಕ್ಕರೆ ಮಗ್ರಿಬ್ ಅಜಾನ್‌ಗೆ ಮುಂಚೆ ಮನೆ. ಅದು ತಪ್ಪಿದರೆ ಮರುದಿನದಿಂದ ಆಟವೂ ಇಲ್ಲ. ಟೆನಿಸ್ ಬಾಲ್‌ನಿಂದ ಶುರು ಮಾಡೋಣ, ಕಿಟ್ ಆಮೇಲೆ ನೋಡೋಣ. ಎದುರಾಳಿ ಬೇಕಲ್ಲ ಎಂದರೆ, ದಾವಣಗೆರೆ ಹರಿಹರದಲ್ಲಿ ಇಷ್ಟೊಂದು ಕಾಲೇಜುಗಳಿವೆ. ನಾವು ಪತ್ರ ಬರೆದರೆ ಒಂದೆರಡಾದರೂ ಒಪ್ಪುತ್ತವೆ.

ಓದು ಹಾಳಾಗುತ್ತೆ ಎನ್ನುವವರಿಗೆ: ವಾರಕ್ಕೆ ಎರಡು ಗಂಟೆ. ನಾವು ರೀಲ್ಸ್ ನೋಡುವುದು ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದರೆ ಈ ಮಾತು ಬೇಗ ಮುಗಿಯುತ್ತದೆ.

ನಾನು ದ್ವಿತೀಯ ಪಿಯು. ಮಾರ್ಚ್‌ನಲ್ಲಿ ಪರೀಕ್ಷೆ ಬರೆದು ಹೋಗುವವಳು, ಈ ತಂಡದಲ್ಲಿ ನಾನು ಆಡುವುದಿಲ್ಲ. ಆದರೂ ಕಳೆದ ವಾರ ಒಂದು ಹಾಳೆ ಹಿಡಿದುಕೊಂಡು ಪ್ರಥಮ ಪಿಯು ಕ್ಲಾಸುಗಳಿಗೆಲ್ಲ ಹೋಗಿ ಬಂದೆ. ಕೆಲವರು ನಕ್ಕರು. ಒಬ್ಬಳು ಹೆಸರು ಬರೆದು, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೊಡೆದು ಹಾಕಿದಳು, ಮರುದಿನ ಬಂದು ಮತ್ತೆ ಬರೆದಳು. ಈಗ ಒಂಬತ್ತು ಹೆಸರುಗಳಿವೆ. ಇಬ್ಬರು ವಿಕೆಟ್ ಕೀಪಿಂಗ್ ಮಾಡುತ್ತೇವೆ ಎಂದಿದ್ದಾರೆ, ಬೌಲಿಂಗ್‌ಗೆ ಮೂವರು. ಹಾಳೆ ಗ್ರಂಥಾಲಯದ ಮೇಡಂ ಹತ್ತಿರ ಕೊಟ್ಟಿದ್ದೇನೆ. ಇನ್ನಿಬ್ಬರು ಬೇಕು.