ನೆಲವನ್ನು ಬಲ್ಲವರ ಮಾತು

ಭೂಮಿಯನ್ನು ಅಳೆಯುವವರು ಬೇರೆ, ಅದನ್ನು ಬಲ್ಲವರು ಬೇರೆ. ಅಳೆಯುವವನಿಗೆ ಸರಪಳಿಯೂ ನಕಾಶೆಯೂ ಸಾಕು. ಬಲ್ಲವನಿಗಾದರೋ ಯಾವ ಹೊಳೆಯನ್ನು ಯಾವ ಮಾಸದಲ್ಲಿ ದಾಟಬಹುದು, ಮೃಗಗಳು ಎಲ್ಲಿ ಮೇಯುತ್ತವೆ, ಹಿರಿಯರನ್ನು ಎಲ್ಲಿ ಮಣ್ಣು ಮಾಡಲಾಗಿದೆ ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ಒಂದು ಪ್ರದೇಶದ ಭವಿಷ್ಯವನ್ನು ನಿರ್ಧರಿಸುವಾಗ ಆಳುವವರು ಇಬ್ಬರನ್ನೂ ಕೇಳಬೇಕೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕೇಳಿದ ಬಳಿಕ ಆ ಮಾತಿಗೆ ಎಷ್ಟರಮಟ್ಟಿಗೆ ಬದ್ಧರಾಗಿರಬೇಕು? ಈ ಪ್ರಶ್ನೆಯು ಕೆನಡಾ ದೇಶದ ಉತ್ತರ ಭಾಗದಲ್ಲಿ ಸುಮಾರು ಅರ್ಧ ಶತಮಾನ ಕಾಲ ಚರ್ಚೆಗೊಳಗಾಗಿ, ಕೊನೆಗೆ ಆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಆ ವೃತ್ತಾಂತವನ್ನು ಈ ಸಲ ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ಕೆನಡಾದ ಉತ್ತರದಲ್ಲಿ ಯೂಕಾನ್, ವಾಯವ್ಯ ಪ್ರಾಂತ, ನೂನವುಟ್ ಎಂಬ ಮೂರು ವಿಶಾಲ ಪ್ರದೇಶಗಳಿವೆ. ಯೂಕಾನ್ ಒಂದೇ ನಮ್ಮ ಕರ್ನಾಟಕದ ಎರಡೂವರೆಯಷ್ಟು ದೊಡ್ಡದು. ಅಲ್ಲಿನ ಜನಸಂಖ್ಯೆಯಾದರೋ ೫೦ ಸಾವಿರಕ್ಕೂ ಕಡಮೆ. ಹೊರಗಿನವರ ಕಣ್ಣಿಗೆ ಇದು ಬರಿದಾದ ನೆಲ. ಆದರೆ ಇನೂಯಿಟ್, ಗ್ವಿಚಿನ್, ಡೆನೆ ಮೊದಲಾದ ಮೂಲನಿವಾಸಿ ಜನಾಂಗಗಳಿಗೆ ಇದು ಸಹಸ್ರಾರು ವರ್ಷಗಳ ಮನೆ. ಬೇಸಾಯಕ್ಕೆ ಒದಗದ ಆ ಶೀತದೇಶದಲ್ಲಿ ಬೇಟೆ, ಮೀನುಗಾರಿಕೆಗಳೇ ಅವರ ಜೀವನಾಧಾರ. ಕ್ಯಾರಿಬೂ ಎಂಬ ಹಿಮನಾಡಿನ ಸಾರಂಗಗಳು ಸಾವಿರಗಟ್ಟಲೆಯಾಗಿ ಋತುವಿನಿಂದ ಋತುವಿಗೆ ವಲಸೆ ಹೋಗುತ್ತವೆ. ಅವುಗಳನ್ನು ನಂಬಿದ ಜನರಿಗೂ ಬಹುವಿಸ್ತಾರವಾದ ನೆಲ ಬೇಕು. ಬೇಲಿಯಿಲ್ಲ, ಉತ್ತ ಗೆರೆಯಿಲ್ಲ ಎಂದಮಾತ್ರಕ್ಕೆ ಅದು ಯಾರೂ ಬಳಸದ ಭೂಮಿಯೆಂದು ಭಾವಿಸುವುದು ಸರಿಯಲ್ಲ.

೧೯೭೦ರ ದಶಕದಲ್ಲಿ ಆರ್ಕ್ಟಿಕ್ ತೀರದ ನೈಸರ್ಗಿಕ ಅನಿಲವನ್ನು ಮೆಕೆಂಜಿ ನದಿಯ ಕಣಿವೆಯ ಮೂಲಕ ದಕ್ಷಿಣದ ಪೇಟೆಗಳಿಗೆ ಸಾಗಿಸುವ ದೊಡ್ಡ ಕೊಳವೆಮಾರ್ಗದ ಪ್ರಸ್ತಾವ ಬಂದಿತು. ಅದರ ಪರಿಣಾಮಗಳನ್ನು ವಿಚಾರಿಸಲು ಸರಕಾರವು ೧೯೭೪ರಲ್ಲಿ ಥಾಮಸ್ ಬರ್ಜರ್ ಎಂಬ ನ್ಯಾಯಾಧೀಶರನ್ನು ನೇಮಿಸಿತು. ಅವರು ತಜ್ಞರ ಹೇಳಿಕೆಗಳನ್ನು ಪಡೆದುದು ಮಾತ್ರವಲ್ಲ, ೩೫ ಜನವಸತಿಗಳಿಗೆ ತಾವೇ ತೆರಳಿ ಸುಮಾರು ಒಂದು ಸಾವಿರ ಜನರ ಮಾತನ್ನು ಕೇಳಿದರು. ಬೇಟೆಗಾರರೂ ಗೃಹಿಣಿಯರೂ ವೃದ್ಧರೂ ತಂತಮ್ಮ ನುಡಿಗಳಲ್ಲಿಯೇ ಮಾತನಾಡಿದರು. ೧೯೭೭ರ ವರದಿಯಲ್ಲಿ ಬರ್ಜರ್ ಅವರು ಯೂಕಾನಿನ ಉತ್ತರ ತೀರದಲ್ಲಿ ಕೊಳವೆಮಾರ್ಗ ಎಂದಿಗೂ ಸಲ್ಲದೆಂದೂ, ಮೆಕೆಂಜಿ ಕಣಿವೆಯಲ್ಲಿ ಮೂಲನಿವಾಸಿಗಳ ಭೂಹಕ್ಕುಗಳು ಇತ್ಯರ್ಥವಾಗಲು ಹತ್ತು ವರ್ಷ ಕಾಯಬೇಕೆಂದೂ ಸಲಹೆ ಮಾಡಿದರು. ಹೊರಗಿನವರಿಗೆ ಗಡಿಸೀಮೆಯಾಗಿ ಕಾಣುವುದು ಅಲ್ಲಿಯವರಿಗೆ ತಾಯ್ನೆಲ ಎಂಬುದು ಆ ವರದಿಯ ಸಾರ.

ಅದೇ ಕಾಲಕ್ಕೆ ಇನೂಯಿಟ್ ಜನರು ತಮ್ಮ ಅರಿವನ್ನು ನಕಾಶೆಗಿಳಿಸುವ ಕಾರ್ಯಕ್ಕೆ ತೊಡಗಿದ್ದರು. ೧೯೭೩ರಲ್ಲಿ ಆರಂಭವಾಗಿ ೧೯೭೬ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆ ಅಧ್ಯಯನದಲ್ಲಿ, ಬೇಟೆಗಾರರು ತಮ್ಮ ಜೀವಮಾನದಲ್ಲಿ ಎಲ್ಲೆಲ್ಲಿ ಬೇಟೆಯಾಡಿದರು, ಎಲ್ಲಿ ಬಲೆಯೊಡ್ಡಿದರು ಎಂಬುದನ್ನು ನಕಾಶೆಯ ಮೇಲೆ ತಾವೇ ಗುರುತಿಸಿದರು. ಒಬ್ಬೊಬ್ಬರ ಬಾಳೂ ಗೆರೆಗಳಾಗಿ ಮೂಡಿತು. ಅವನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ, ಬರಿದೆಂದುಕೊಂಡಿದ್ದ ಭೂಮಿಯೆಲ್ಲ ಜನರ ಬಳಕೆಯ ಗುರುತುಗಳಿಂದ ತುಂಬಿಹೋಗಿತ್ತು. ೧೯೯೩ರ ನೂನವುಟ್ ಒಪ್ಪಂದಕ್ಕೂ, ೧೯೯೯ರ ಏಪ್ರಿಲ್ ೧ರಂದು ನೂನವುಟ್ ಪ್ರತ್ಯೇಕ ಪ್ರದೇಶವಾಗಿ ಉದಯಿಸಿದುದಕ್ಕೂ ಇಂತಹ ಆಧಾರಗಳು ನೆರವಾದವು.

ಯೂಕಾನಿನ ಮೂಲನಿವಾಸಿಗಳೂ ಸುಮ್ಮನಿರಲಿಲ್ಲ. ೧೯೭೩ರಲ್ಲಿ ಎಲೈಜಾ ಸ್ಮಿತ್ ಎಂಬ ಮುಖಂಡರ ನೇತೃತ್ವದಲ್ಲಿ ಅವರ ನಾಯಕರು ರಾಜಧಾನಿ ಒಟ್ಟಾವಾಕ್ಕೆ ತೆರಳಿ, ಅಂದಿನ ಪ್ರಧಾನಿ ಪಿಯೆರ್ ಟ್ರೂಡೊ ಅವರಿಗೆ ಒಂದು ಮನವಿಯನ್ನು ಅರ್ಪಿಸಿದರು. ನಾಳಿನ ಮಕ್ಕಳಿಗಾಗಿ ಇಂದು ಒಂದಾಗೋಣ ಎಂಬುದೇ ಆ ಮನವಿಯ ಶಿರೋನಾಮೆಯ ಭಾವ. ಇಪ್ಪತ್ತು ವರ್ಷಗಳ ಮಾತುಕತೆಯ ಬಳಿಕ ೧೯೯೩ರಲ್ಲಿ ಸಮಗ್ರ ಒಪ್ಪಂದವೊಂದಕ್ಕೆ ಸಹಿಯಾಯಿತು. ಅದರ ಆಧಾರದ ಮೇಲೆ ಒಂದೊಂದು ಜನಾಂಗವೂ ಪ್ರತ್ಯೇಕ ಕರಾರು ಮಾಡಿಕೊಳ್ಳತೊಡಗಿತು. ಈ ಕರಾರುಗಳ ಮರ್ಮವನ್ನು ಓದುಗರು ಗಮನಿಸಬೇಕು. ಮೂಲನಿವಾಸಿಗಳು ತಮ್ಮ ಪರಂಪರಾಗತ ನೆಲದ ಬಹುಭಾಗದ ಮೇಲಿನ ಸ್ವಾಮ್ಯದ ಹಕ್ಕನ್ನು ಬಿಟ್ಟುಕೊಟ್ಟರು. ಅದಕ್ಕೆ ಪ್ರತಿಯಾಗಿ ಸ್ವಲ್ಪ ನೆಲ, ಸ್ವಲ್ಪ ಹಣ ಇವುಗಳೊಡನೆ, ಬಿಟ್ಟುಕೊಟ್ಟ ನೆಲವನ್ನು ಮುಂದೆ ಹೇಗೆ ಬಳಸಬೇಕೆಂಬುದನ್ನು ಸರಕಾರದೊಂದಿಗೆ ಕುಳಿತು ನಿರ್ಧರಿಸುವ ಅಧಿಕಾರವನ್ನು ಪಡೆದರು. ಹೀಗಿರುವಾಗ ಭೂಬಳಕೆಯ ಯೋಜನೆಯಲ್ಲಿ ಅವರ ಮಾತು ಸರಕಾರವು ತೋರುವ ಸೌಜನ್ಯವಲ್ಲ. ಬೆಲೆ ತೆತ್ತು ಪಡೆದ ಹಕ್ಕು.

ಈ ಹಕ್ಕಿಗೆ ಪರೀಕ್ಷೆ ಒದಗಿದುದು ಪೀಲ್ ನದಿಯ ಜಲಾನಯನ ಪ್ರದೇಶದಲ್ಲಿ. ಸುಮಾರು ೬೭ ಸಾವಿರ ಚದರ ಕಿಲೋಮೀಟರುಗಳ ಈ ಪರ್ವತ ಸೀಮೆಯಲ್ಲಿ ಹಾರ್ಟ್, ವಿಂಡ್, ಸ್ನೇಕ್ ಮೊದಲಾದ ನದಿಗಳು ಹರಿದು ಪೀಲ್ ನದಿಯನ್ನು ಕೂಡುತ್ತವೆ. ಪೀಲ್ ಮುಂದೆ ಮೆಕೆಂಜಿಯನ್ನು ಸೇರುತ್ತದೆ. ಕ್ಯಾರಿಬೂಗಳಿಗೆ ಇದು ಚಳಿಗಾಲದ ಆಸರೆ. ನಾಚೊ ನ್ಯಾಕ್ ಡುನ್, ಟ್ರೊಂಡೆಕ್ ಹ್ವೆಚಿನ್, ವುಂಟುಟ್ ಗ್ವಿಚಿನ್, ಟೆಟ್ಲಿಟ್ ಗ್ವಿಚಿನ್ ಎಂಬ ನಾಲ್ಕು ಜನಾಂಗಗಳಿಗೆ ಇದು ಪೂರ್ವಜರ ಭೂಮಿ. ಅಂತೆಯೇ ಈ ನೆಲದೊಳಗೆ ಕಬ್ಬಿಣದ ಅದಿರೂ ಇತರ ಖನಿಜಗಳೂ ಉಂಟು. ಯೂಕಾನಿನ ಆಧುನಿಕ ಇತಿಹಾಸವು ೧೮೯೬ರ ಕ್ಲಾಂಡೈಕ್ ಚಿನ್ನದೊಂದಿಗೆ ಆರಂಭವಾದುದರಿಂದ, ಗಣಿಗಾರಿಕೆಯಿಂದಲೇ ಉದ್ಯೋಗ, ಉದ್ಯೋಗದಿಂದಲೇ ಬಾಳು ಎಂಬ ವಾದವೂ ಅಲ್ಲಿ ಪ್ರಬಲವಾಗಿದೆ. ಆ ವಾದವನ್ನು ಹಗುರವಾಗಿ ಕಾಣಲಾಗದು. ದುಡಿಮೆಯಿಲ್ಲದೆ ಸಂಸಾರ ನಡೆಯುವುದಿಲ್ಲ.

೨೦೦೪ರಲ್ಲಿ ಉಭಯ ಪಕ್ಷಗಳ ನಾಮನಿರ್ದೇಶಿತರನ್ನೊಳಗೊಂಡ ಯೋಜನಾ ಆಯೋಗವು ಸ್ಥಾಪಿತವಾಯಿತು. ಅದು ವರ್ಷಾನುಗಟ್ಟಲೆ ಊರೂರು ಸುತ್ತಿ ಸಭೆಗಳನ್ನು ನಡೆಸಿತು. ಮೃಗಪಕ್ಷಿಗಳ, ಖನಿಜಗಳ, ಪರಂಪರಾಗತ ದಾರಿಗಳ ವಿವರಗಳನ್ನು ಕಲೆಹಾಕಿತು. ಮೂಲನಿವಾಸಿಗಳು ಇಡೀ ಪ್ರದೇಶ ಸಂರಕ್ಷಿತವಾಗಬೇಕೆಂದು ಬಯಸಿದ್ದರು. ಆಯೋಗವು ೨೦೧೧ರ ಅಂತಿಮ ಶಿಫಾರಸಿನಲ್ಲಿ ಶೇಕಡಾ ೮೦ ಭಾಗಕ್ಕೆ ಸಂರಕ್ಷಣೆಯನ್ನು ಸೂಚಿಸಿ, ಉಳಿದುದನ್ನು ಉದ್ಯಮಗಳಿಗೆ ತೆರೆದಿಟ್ಟಿತು. ಬಯಸಿದಷ್ಟು ದೊರೆಯದಿದ್ದರೂ ಜನಾಂಗಗಳು ಈ ಮಧ್ಯಮ ಮಾರ್ಗಕ್ಕೆ ಒಪ್ಪಿದವು.

ಯೂಕಾನ್ ಸರಕಾರ ಒಪ್ಪಲಿಲ್ಲ. ಅಂತಿಮ ಶಿಫಾರಸಿಗೆ ಮೊದಲು ಅದರ ಅಭಿಪ್ರಾಯವನ್ನು ಕೇಳಿದಾಗ, ಸಂರಕ್ಷಣೆಗೂ ಅಭಿವೃದ್ಧಿಗೂ ಸಮತೋಲ ಬೇಕು, ಪ್ರವೇಶಕ್ಕೆ ಅವಕಾಶ ಬೇಕು ಎಂದು ಸ್ಥೂಲವಾಗಿ ಹೇಳಿತ್ತೇ ಹೊರತು ವಿವರಗಳನ್ನು ಕೊಟ್ಟಿರಲಿಲ್ಲ. ಎಲ್ಲ ಹಂತಗಳೂ ಮುಗಿದ ಮೇಲೆ, ೨೦೧೪ರ ಜನವರಿಯಲ್ಲಿ, ತನ್ನದೇ ಆದ ಬೇರೊಂದು ಯೋಜನೆಯನ್ನು ಅಂಗೀಕರಿಸಿಬಿಟ್ಟಿತು. ಅದರಲ್ಲಿ ಸಂರಕ್ಷಿತ ಭಾಗ ಶೇಕಡಾ ೮೦ರಿಂದ ೨೯ಕ್ಕೆ ಇಳಿದಿತ್ತು.

ಜನಾಂಗಗಳೂ ಪರಿಸರ ಸಂಸ್ಥೆಗಳೂ ನ್ಯಾಯಾಲಯದ ಮೊರೆಹೊಕ್ಕವು. ಅವರ ಪರವಾಗಿ ವಾದಿಸಲು ನಿಂತವರು ಅದೇ ಥಾಮಸ್ ಬರ್ಜರ್. ನಾಲ್ಕು ದಶಕಗಳ ಹಿಂದೆ ನ್ಯಾಯಾಧೀಶರಾಗಿ ಉತ್ತರದ ಜನರ ಮಾತನ್ನು ಕೇಳಿದವರು, ಎಂಬತ್ತು ದಾಟಿದ ವಯಸ್ಸಿನಲ್ಲಿ ವಕೀಲರಾಗಿ ಅವರ ಮಾತನ್ನು ನ್ಯಾಯಪೀಠದ ಮುಂದೆ ನುಡಿದರು. ೨೦೧೭ರ ಡಿಸೆಂಬರ್ ೧ರಂದು ಸರ್ವೋಚ್ಚ ನ್ಯಾಯಾಲಯವು ಒಮ್ಮತದ ತೀರ್ಪನ್ನಿತ್ತು, ಸರಕಾರದ ಯೋಜನೆಯನ್ನು ರದ್ದುಗೊಳಿಸಿತು. ಕೊನೆಯ ಹಂತದಲ್ಲಿ ಸರಕಾರವು ತಿದ್ದುಪಡಿಗಳನ್ನು ಮಾಡಬಹುದು. ಆದರೆ ಅವು ಮೊದಲು ತಾನೇ ಸೂಚಿಸಿದ್ದ ಮಾರ್ಪಾಡುಗಳನ್ನು ಆಧರಿಸಿರಬೇಕು. ತಿದ್ದುಪಡಿಯ ಹೆಸರಿನಲ್ಲಿ ಇಡೀ ಯೋಜನೆಯನ್ನೇ ಬದಿಗೊತ್ತಲಾಗದು. ತೀರ್ಪಿನ ತಿರುಳು ಇಷ್ಟೇ. ನೆಲದ ಎಷ್ಟು ಭಾಗ ಸಂರಕ್ಷಿತವಾಗಬೇಕೆಂಬುದನ್ನು ನ್ಯಾಯಾಲಯವು ಹೇಳಲಿಲ್ಲ. ಒಪ್ಪಿದ ಮಾರ್ಗದಲ್ಲಿ ನಡೆಯಬೇಕೆಂದು ಮಾತ್ರ ಹೇಳಿತು. ಹಿಂದಿನ ವರ್ಷವೇ ಚುನಾವಣೆಯಲ್ಲಿ ಯೂಕಾನಿನ ಸರಕಾರವೂ ಬದಲಾಗಿತ್ತು. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಮೇಯೊ ಎಂಬ ಚಿಕ್ಕ ಊರಿನಲ್ಲಿ ಎಲ್ಲ ಪಕ್ಷಗಳೂ ಕೂಡಿ ಯೋಜನೆಗೆ ಸಹಿ ಮಾಡಿದವು. ಸಂರಕ್ಷಿತ ಭಾಗ ಶೇಕಡಾ ೮೩. ಅದರಲ್ಲಿ ೫೫ ಭಾಗ ಶಾಶ್ವತ, ಉಳಿದುದು ಕಾಲಕಾಲಕ್ಕೆ ಮರುವಿಚಾರಣೆಗೆ ಒಳಪಡುವಂಥದು. ಬರ್ಜರ್ ಅವರು ಇದನ್ನು ಕಂಡು ೨೦೨೧ರಲ್ಲಿ ತೀರಿಕೊಂಡರು.

ಈ ವೃತ್ತಾಂತದಲ್ಲಿ ನಮ್ಮ ಮನಸ್ಸಿಗೆ ಮುಖ್ಯವಾಗಿ ತೋರುವುದು ಕಾಡಿನ ಗೆಲುವೂ ಅಲ್ಲ, ಗಣಿಯ ಸೋಲೂ ಅಲ್ಲ. ಕೇಳುವುದೆಂದರೆ ಕೇಳುವವನು ತನ್ನನ್ನು ಕಟ್ಟಿಕೊಳ್ಳುವುದು ಎಂಬ ವಿವೇಕ. ಸಭೆ ಕರೆದು, ಹೇಳಿಕೆಗಳನ್ನು ಬರೆದುಕೊಂಡು, ಏಳು ವರ್ಷ ಕಾಲ ಜನರನ್ನು ಕೂರಿಸಿ, ಕೊನೆಗೆ ಪೆಟ್ಟಿಗೆಯಿಂದ ಬೇರೊಂದು ಕಾಗದವನ್ನು ತೆಗೆದರೆ, ಆ ಕೇಳುವಿಕೆಯೆಲ್ಲ ಉಪಚಾರವಾಗಿ ಉಳಿಯುತ್ತದೆ. ಅದಕ್ಕಿಂತ ಕೇಳದಿರುವುದೇ ಪ್ರಾಮಾಣಿಕ. ಭಿನ್ನಾಭಿಪ್ರಾಯವಿದ್ದವರು ಅದನ್ನು ಕೇಳಿದ ಸಮಯಕ್ಕೆ, ಬಿಡಿಬಿಡಿಯಾಗಿ, ಕಾರಣಸಹಿತ ಹೇಳಬೇಕು. ಆಗ ಎದುರಿನವರಿಗೆ ಉತ್ತರಿಸಲು ಎಡೆಯಿರುತ್ತದೆ. ಬಲವುಳ್ಳವರಿಗೆ ಈ ನಿಯಮ ಹೆಚ್ಚು ಸಲ್ಲುತ್ತದೆ.

ಪೀಲ್ ಸೀಮೆಯ ಕಥೆ ಮುಗಿಯಿತೆಂದು ತಿಳಿಯಲಾಗದು. ಮರುವಿಚಾರಣೆಗೆಂದು ಇಟ್ಟ ಭಾಗದ ಮಾತು ಮತ್ತೆ ಬಂದೇ ಬರುತ್ತದೆ. ಆಗ ಗಣಿಯ ಆಸೆಯೂ ದುಡಿಮೆಯ ಅಗತ್ಯವೂ ಮತ್ತೆ ಎದ್ದುನಿಲ್ಲುತ್ತವೆ. ಅಂದು ಮೇಜಿನ ಸುತ್ತ ಕುಳಿತಿರುವವರು ಇಂದಿನ ಮಕ್ಕಳು. ೧೯೭೩ರಲ್ಲಿ ಒಟ್ಟಾವಾಕ್ಕೆ ಹೋದ ಹಿರಿಯರು ಯಾರ ಸಲುವಾಗಿ ಹೋದರೋ ಆ ಪೀಳಿಗೆಯ ಕೈಗೆ ಈಗ ನಕಾಶೆಯೂ ಬಂದಿದೆ, ಕರಾರೂ ಬಂದಿದೆ. ನೆಲವನ್ನು ಬಲ್ಲವರ ಅರಿವು ಅವರಲ್ಲಿ ಉಳಿದಿದ್ದರೆ ಆ ಕರಾರಿಗೆ ಬಲ. ಅರಿವು ಅಳಿದರೆ ಅದು ಬರಿಯ ಕಾಗದ. ಆದುದರಿಂದ ಹಿರಿಯರು ಮಕ್ಕಳನ್ನು ನದಿಯ ದಡಕ್ಕೆ ಕರೆದೊಯ್ದು ನೆಲವನ್ನು ತೋರಿಸುವುದು, ನ್ಯಾಯಾಲಯದಲ್ಲಿ ವಾದ ಹೂಡಿದಷ್ಟೇ ದೊಡ್ಡ ಕಾರ್ಯವೆಂದು ನಾವು ಬಗೆಯುತ್ತೇವೆ.