ಕೊನೆಯ ಪಂಚಾಯಿತಿಗೆ ಎರಡು ದಾರಿ

ತೊಂಬತ್ತರ ದಶಕದಲ್ಲಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿದವರಿಗೆ ಆ ಕಪ್ಪು ಕೇಬಲ್ ನೆನಪಿರುತ್ತದೆ. ಗೋಡೆಯ ಬುಡದಲ್ಲಿ ಹಾದು ಬಂದು, ಪ್ರತಿ ಕಂಪ್ಯೂಟರಿನ ಬೆನ್ನಿಗೂ ‘ಟಿ’ ಆಕಾರದ ಲೋಹದ ತುಂಡೊಂದನ್ನು ಕಚ್ಚಿಕೊಂಡು, ಅಲ್ಲಿಂದ ಮುಂದಿನ ಮೇಜಿಗೆ ಹೋಗುತ್ತಿತ್ತು. ಸಾಲಿನ ಎರಡೂ ತುದಿಗೆ ಹೆಬ್ಬೆರಳಿನಷ್ಟು ಚಿಕ್ಕ ಮುಚ್ಚಳ. ಅದರೊಳಗೆ 50 ಓಮ್‌ನ ಒಂದು ರೆಸಿಸ್ಟರ್. ಅದರ ಹೆಸರು ಟರ್ಮಿನೇಟರ್. ತುದಿ ಮುಟ್ಟಿದ ಸಂಕೇತವನ್ನು ಅಲ್ಲೇ ಹೀರಿಕೊಳ್ಳುವುದು ಅದರ ಕೆಲಸ. ಕಸ ಗುಡಿಸುವಾಗ ಯಾರದೋ ಕೈ ತಗುಲಿ ಆ ಮುಚ್ಚಳ ಕಳಚಿದರೆ, ಸಂಕೇತ ತುದಿಯಿಂದ ಹಿಂದಕ್ಕೆ ಪುಟಿದು, ಎದುರು ಬರುವ ಸಂಕೇತದೊಂದಿಗೆ ಕಲಸಿ ಹೋಗಿ, ಇಡೀ ಲ್ಯಾಬ್ ನಿಂತುಬಿಡುತ್ತಿತ್ತು. ಮೂವತ್ತು ಕಂಪ್ಯೂಟರುಗಳಲ್ಲಿ ಎಲ್ಲಿ ಸಡಿಲವಾಗಿದೆ ಎಂದು ತಿಳಿಯಲು ಲ್ಯಾಬ್ ಸಹಾಯಕರು ಮೊಣಕಾಲೂರಿ ಒಂದೊಂದೇ ಜೋಡಣೆಯನ್ನು ಮುಟ್ಟಿ ನೋಡಬೇಕಿತ್ತು.

ಇದು ಬಸ್ ಟೊಪಾಲಜಿ. ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ಓದಿದವರೆಲ್ಲ ಬಸ್, ಸ್ಟಾರ್, ರಿಂಗ್, ಟ್ರೀ, ಮೆಶ್ ಎಂಬ ಚಿತ್ರಗಳನ್ನು ಬರೆದೇ ಬಂದವರು. ಪಕ್ಕದಲ್ಲಿ ಅನುಕೂಲ, ಅನನುಕೂಲಗಳ ಪಟ್ಟಿ. ಉರು ಹೊಡೆದರೆ ಅಂಕ ಸಿಗುತ್ತದೆ, ಆದರೆ ಆ ಚಿತ್ರಗಳು ಮುಖ್ಯವಾಗಿ ಹೇಳುವ ಸಂಗತಿ ಪಟ್ಟಿಯಲ್ಲಿ ಇರುವುದಿಲ್ಲ. ಜಾಲ ಒಂದಲ್ಲ ಒಂದು ದಿನ ಕೆಡುತ್ತದೆ. ಕೆಟ್ಟಾಗ ತೊಂದರೆ ಯಾರ ಪಾಲಿಗೆ ಬರಬೇಕು ಎಂಬುದು ತಂತಿಯ ಆಕಾರ ಗೊತ್ತುಮಾಡಿದ ದಿನವೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ಬಹುಪಾಲು ಹಣದ ಲೆಕ್ಕದಲ್ಲೇ ನಡೆಯುತ್ತದೆ.

ಬಸ್ ಹುಟ್ಟಿದ್ದೂ ಉಳಿತಾಯದ ಆಲೋಚನೆಯಿಂದ. 1973ರ ಮೇ 22ರಂದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಒಂದು ಟಿಪ್ಪಣಿ ಬರೆದರು. ಎಲ್ಲ ಯಂತ್ರಗಳಿಗೂ ಒಂದೇ ಕೇಬಲ್. ಮಾತಾಡುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳುವುದು. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ, ಒಬ್ಬೊಬ್ಬರು ಒಂದೊಂದು ಅವಧಿ ಕಾದು ಮತ್ತೆ ಶುರುಮಾಡುವುದು. ಡಿಕ್ಕಿಯಾದರೆ ಕಾದು ಮತ್ತೆ ಕಳಿಸುವ ಈ ಉಪಾಯ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಕಟ್ಟಿದ ಅಲೋಹಾ ರೇಡಿಯೊ ಜಾಲದಿಂದ ಬಂದದ್ದು. ಅಲ್ಲಿ ದ್ವೀಪಗಳ ನಡುವಿನ ಗಾಳಿಯಲ್ಲಿ ನಡೆದದ್ದು ಇಲ್ಲಿ ತಂತಿಯೊಳಗೆ ಬಂತು. ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಸೇರಿ ಅದನ್ನು ನಿಜವಾಗಿಸಿದರು. ಈಥರ್‌ನೆಟ್ ಹುಟ್ಟಿದ್ದು ಹೀಗೆ. ನಡುವೆ ಯಜಮಾನನಿಲ್ಲ, ಕೇಂದ್ರವಿಲ್ಲ, ಕೇಬಲ್ಲೂ ಕಡಿಮೆ. ಅಷ್ಟು ಚೆಲುವಾದ ಆಲೋಚನೆಗೆ ಇದ್ದ ಬೆಲೆ ಮಾತ್ರ ಒಂದೇ: ಒಬ್ಬನ ಮೇಜಿನ ತಪ್ಪಿಗೆ ಎಲ್ಲರಿಗೂ ಶಿಕ್ಷೆ.

ಐಬಿಎಂ 1985ರಲ್ಲಿ ಮಾರುಕಟ್ಟೆಗೆ ತಂದ ಟೋಕನ್ ರಿಂಗ್ ಬೇರೆ ಸ್ವಭಾವದ್ದು. ಅಲ್ಲಿ ಡಿಕ್ಕಿಯ ಮಾತೇ ಇಲ್ಲ. ಒಂದು ಚಿಕ್ಕ ಸಂದೇಶ, ಅಂದರೆ ಟೋಕನ್, ಕೈಯಿಂದ ಕೈಗೆ ಸುತ್ತುತ್ತಿರುತ್ತದೆ. ಅದು ಸಿಕ್ಕವರಿಗೆ ಮಾತ್ರ ಮಾತಾಡುವ ಅವಕಾಶ. ಎಷ್ಟು ಹೊತ್ತಿಗೆ ಸರದಿ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದಿತ್ತು. ಒಂದು ಯಂತ್ರ ಸತ್ತರೆ ಉಂಗುರ ತುಂಡಾಗುವ ಅಪಾಯವಿತ್ತಲ್ಲ, ಅದಕ್ಕೆಂದು ಐಬಿಎಂ ಎಂಜಿನಿಯರುಗಳು ಉಂಗುರವನ್ನು ಗೋಡೆಯ ಮೇಲಿನ ಒಂದು ಡಬ್ಬಿಯೊಳಗೆ ಮಡಚಿಟ್ಟರು. ಪ್ರತಿ ಮೇಜಿನಿಂದ ಆ ಡಬ್ಬಿಗೆ ಒಂದೊಂದು ಕೇಬಲ್. ಯಂತ್ರ ಆರಿದರೆ ಡಬ್ಬಿಯೊಳಗಿನ ರಿಲೇ ‘ಟಿಕ್’ ಎಂದು ಆ ಬಾಗಿಲು ಮುಚ್ಚಿ ಉಂಗುರವನ್ನು ಪೂರ್ತಿ ಮಾಡುತ್ತಿತ್ತು. ಹೊರಗಿನ ನೋಟಕ್ಕೆ ಸ್ಟಾರ್, ಒಳಗಿನ ನಡತೆಯಲ್ಲಿ ರಿಂಗ್. ಕಾಗದದ ಚಿತ್ರ ಒಂದು, ನೆಲದ ಮೇಲಿನ ತಂತಿ ಇನ್ನೊಂದು ಆಗಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಈ ವ್ಯತ್ಯಾಸ ಎಷ್ಟು ದೂರದವರೆಗೆ ಕಾಡುತ್ತದೆ ಎಂಬುದನ್ನು ಮುಂದೆ ನೋಡೋಣ.

ಕೊನೆಗೆ ಕಚೇರಿಗಳಲ್ಲಿ ಗೆದ್ದದ್ದು ಸ್ಟಾರ್. 1990ರಲ್ಲಿ ತಿರುಚಿದ ಜೋಡಿ ತಂತಿಯ ಈಥರ್‌ನೆಟ್‌ಗೆ ಮಾನಕ ಬಂತು. ಅದೇ ವರ್ಷ ವಿನೋದ್ ಭಾರದ್ವಾಜ್ ಸಹಸಂಸ್ಥಾಪಕರಾಗಿದ್ದ ಅಮೆರಿಕದ ‘ಕಲ್ಪನಾ’ ಕಂಪನಿ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ಬಿಟ್ಟಿತು. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು. ಪ್ರತಿ ಮೇಜಿಗೂ ಬೇರೆ ಕೇಬಲ್ ಎಂದರೆ ಖರ್ಚು ಹೆಚ್ಚು, ನಿಜ. ಆದರೆ ಈಗ ಒಬ್ಬನ ಕೇಬಲ್ ಕಿತ್ತರೆ ಒಬ್ಬನಿಗಷ್ಟೇ ನೆಟ್ ಇಲ್ಲ. ತಪ್ಪು ಎಲ್ಲಿದೆ ಎಂದು ಸ್ವಿಚ್ಚಿನ ಮೇಲಿನ ಆರಿದ ದೀಪವೇ ತೋರಿಸುತ್ತದೆ. ನಮ್ಮ ಮನೆಯ ವೈ-ಫೈ ಕೂಡ ಇದೇ ಜಾತಿ. ನಡುವೆ ಒಂದು ರೌಟರ್, ಸುತ್ತ ಎಲ್ಲರ ಮೊಬೈಲು. ನಡುವಿನದು ಕೆಟ್ಟರೆ ಎಲ್ಲವೂ ಹೋಯಿತು, ಆದರೆ ಕೆಡುವ ಜಾಗ ಒಂದೇ ಆದ್ದರಿಂದ ಜೋಪಾನ ಮಾಡುವುದೂ ಸುಲಭ.

ಹಾಗಾದರೆ ಎರಡೆರಡು ಕೇಬಲ್ ಹಾಕಿಬಿಟ್ಟರಾಯಿತಲ್ಲ ಎನ್ನಬಹುದು. ಹಾಗೆ ಸುಮ್ಮನೆ ಹಾಕುವಂತಿಲ್ಲ. ತಿಳಿಯದೆ ಯಾರೋ ಒಂದೇ ಕೇಬಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಚುಚ್ಚಿದರೆ ಇಡೀ ಕಚೇರಿಯ ಜಾಲ ಕ್ಷಣಗಳಲ್ಲಿ ಮಲಗಿಬಿಡಬಹುದು. ಈಥರ್‌ನೆಟ್ ಸಂದೇಶಕ್ಕೆ ಆಯಸ್ಸಿನ ಮಿತಿ ಇಲ್ಲ; ಸುತ್ತುದಾರಿ ಸಿಕ್ಕರೆ ಸುತ್ತುತ್ತಲೇ, ದ್ವಿಗುಣಗೊಳ್ಳುತ್ತಲೇ ಇರುತ್ತದೆ. ಈ ತೊಡಕನ್ನು 1985ರಲ್ಲಿ ಬಿಡಿಸಿದವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ರೇಡಿಯಾ ಪರ್ಲ್‌ಮನ್. ಅವರ ಸ್ಪ್ಯಾನಿಂಗ್ ಟ್ರೀ ವಿಧಾನದಲ್ಲಿ ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಸುತ್ತು ಉಂಟುಮಾಡುವ ಕೊಂಡಿಗಳನ್ನು ಸುಮ್ಮನಿರಿಸುತ್ತವೆ. ತಂತಿ ಇರುತ್ತದೆ, ಕೆಲಸ ಮಾಡುವುದಿಲ್ಲ. ಬಳಕೆಯ ದಾರಿ ಕಡಿದಾಗ ಮಾತ್ರ ಎದ್ದು ನಿಲ್ಲುತ್ತದೆ. ಈ ವಿಧಾನದ ಸಾರವನ್ನು ಅವರು ಪುಟ್ಟ ಪದ್ಯವಾಗಿಯೂ ಬರೆದಿದ್ದಾರೆ. ಕಂಪ್ಯೂಟರ್ ಜಾಲಗಳ ಇತಿಹಾಸದಲ್ಲಿ ಇಷ್ಟು ಅಚ್ಚುಕಟ್ಟಾದ ಇನ್ನೊಂದು ಪರಿಹಾರ ನನಗಂತೂ ಕಂಡಿಲ್ಲ.

ಎಷ್ಟು ಹೆಚ್ಚುವರಿ ದಾರಿ ಬೇಕು ಎಂಬುದಕ್ಕೂ ಉತ್ತರವಿದೆ. ಒಂದು ತಾಲ್ಲೂಕು ಕೇಂದ್ರ, ಮೂವತ್ತು ಗ್ರಾಮ ಪಂಚಾಯಿತಿ ಎಂದಿಟ್ಟುಕೊಳ್ಳಿ. ಸ್ಟಾರ್ ಆದರೆ 30 ಕೊಂಡಿ. ಪ್ರತಿಯೊಂದನ್ನೂ ಪ್ರತಿಯೊಂದಕ್ಕೂ ಜೋಡಿಸುವ ಪೂರ್ಣ ಮೆಶ್ ಆದರೆ 465. ಅಷ್ಟು ಹಣ ಯಾವ ಸರ್ಕಾರದ ಬಳಿಯೂ ಇಲ್ಲ. ಅಷ್ಟು ಬೇಕಾಗಿಯೂ ಇಲ್ಲ. ರ‍್ಯಾಂಡ್ ಸಂಸ್ಥೆಯ ಪಾಲ್ ಬಾರನ್ ಅರವತ್ತರ ದಶಕದಲ್ಲಿ, ಅಣುದಾಳಿಯ ನಂತರವೂ ಉಳಿಯುವ ಸಂಪರ್ಕ ಜಾಲ ಹೇಗಿರಬೇಕೆಂದು ಲೆಕ್ಕ ಹಾಕಿದರು. ಕನಿಷ್ಠ ಬೇಕಾದ ಕೊಂಡಿಗಳ ಮೂರು–ನಾಲ್ಕು ಪಟ್ಟು ಇದ್ದರೆ ಸಾಕು, ಜಾಲ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ ಎಂಬುದು 1964ರಲ್ಲಿ ಪ್ರಕಟವಾದ ಅವರ ವರದಿಗಳ ತಿರುಳು. ದಾಳಿಗೆ ಅಷ್ಟು ಬೇಕು. ಜೆಸಿಬಿಗೆ ಅದಕ್ಕಿಂತ ಕಡಿಮೆ ಸಾಕು. ಸಾಲಾಗಿ ಎಳೆದ ತಂತಿಯ ಕೊನೆಯಿಂದ ಕೇಂದ್ರಕ್ಕೆ ಇನ್ನೊಂದೇ ಒಂದು ಕೊಂಡಿ ಕೊಟ್ಟರೆ ಅದು ಉಂಗುರವಾಗುತ್ತದೆ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಎಲ್ಲರಿಗೂ ದಾರಿ ಇರುತ್ತದೆ. ದೂರಸಂಪರ್ಕ ಕಂಪನಿಗಳು ನಗರಗಳ ನಡುವಿನ ಫೈಬರ್ ಉಂಗುರಗಳಲ್ಲಿ 50 ಮಿಲಿಸೆಕೆಂಡಿನೊಳಗೆ ದಿಕ್ಕು ಬದಲಿಸುವ ವ್ಯವಸ್ಥೆಯನ್ನು ಎಷ್ಟೋ ಕಾಲದಿಂದ ನಡೆಸುತ್ತಿವೆ.

ನಗರಗಳಿಗೆ ಸಿಕ್ಕ ಆ ಉಂಗುರ ಹಳ್ಳಿಗಳಿಗೆ ಮೊದಲ ಸಲ ಸಿಗಲಿಲ್ಲ. ದೇಶದ ಎಲ್ಲ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ, ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ಹಂತದಲ್ಲಿ ತಾಲ್ಲೂಕಿನಿಂದ ಪಂಚಾಯಿತಿಗೆ ಒಂದೇ ಸಾಲಿನ ತಂತಿ ಸಾಕೆಂದುಕೊಂಡರು. ಕರ್ನಾಟಕದ ಪಂಚಾಯಿತಿಗಳೂ ಆ ಹಂತದಲ್ಲಿದ್ದವು. ರಸ್ತೆ ಅಗಲ ಮಾಡುವಾಗ, ನೀರಿನ ಪೈಪು ಹೂಳುವಾಗ ಒಮ್ಮೆ ‘ಓಎಫ್‌ಸಿ ಕಟ್’ ಆದರೆ ಅದರಾಚೆಯವರೆಲ್ಲ ಕತ್ತಲಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನ ಪಾಡೇ ಇದು: ಮೇಲೆ ಎಲ್ಲಿ ಏನೇ ಆದರೂ ಒಣಗುವುದು ಅವನ ಹೊಲ. ಬಾಪೂಜಿ ಸೇವಾ ಕೇಂದ್ರದ ಕಿಟಕಿಯಲ್ಲಿ ‘ಸರ್ವರ್ ಇಲ್ಲ, ನಾಳೆ ಬಾರವ್ವಾ’ ಎಂದು ಹೇಳಿಸಿಕೊಂಡು ದಿನದ ಕೂಲಿ ಬಿಟ್ಟು ಬಂದ ಹೆಣ್ಣುಮಗಳು ವಾಪಸು ನಡೆಯುತ್ತಾಳೆ. ಅಂಥ ಎಷ್ಟೋ ದಿನ ಸರ್ವರ್ ಚೆನ್ನಾಗಿಯೇ ಇರುತ್ತದೆ. ಕಡಿದಿರುವುದು ಅವಳ ಊರಿಗಿದ್ದ ಒಂದೇ ದಾರಿ.

2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಸುಮಾರು 1.39 ಲಕ್ಷ ಕೋಟಿ ರೂಪಾಯಿಗಳ ಪರಿಷ್ಕೃತ ಭಾರತ್‌ನೆಟ್ ಈ ಸಾಲುಗಳನ್ನು ಉಂಗುರವಾಗಿ ಬದಲಿಸುವ ಯೋಜನೆ. ಇದು ತುಂಬ ಮೊದಲೇ ಆಗಬೇಕಿದ್ದ ಕೆಲಸ, ಈಗಲಾದರೂ ಆಗುತ್ತಿರುವುದು ಸಂತೋಷ. ನನ್ನ ಆತಂಕ ಇರುವುದು ಕಾಗದದ ಉಂಗುರ ನೆಲದಲ್ಲಿ ಹೇಗೆ ಕೂರುತ್ತದೆ ಎಂಬಲ್ಲಿ.

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದ ತಳದಲ್ಲಿ ಸೀ-ಮಿ-ವಿ 4 ಮತ್ತು ಫ್ಲಾಗ್ ಎಂಬ ಎರಡು ಕೇಬಲುಗಳು ಒಂದೇ ದಿನ ತುಂಡಾದವು. ಎರಡಕ್ಕೂ ಬೇರೆ ಬೇರೆ ಒಡೆತನ. ನಕ್ಷೆಯಲ್ಲಿ ಬೇರೆ ಬೇರೆ ಬಣ್ಣದ ಗೆರೆ. ನೀರಿನಡಿ ಮಾತ್ರ ಎರಡೂ ಒಂದೇ ಇಕ್ಕಟ್ಟಿನಲ್ಲಿ ಹಾದುಹೋಗಿದ್ದವು. ಭಾರತದ ಇಂಟರ್‌ನೆಟ್ ಸಾಮರ್ಥ್ಯದ ದೊಡ್ಡ ಪಾಲು ಕೆಲ ದಿನ ಇಲ್ಲವಾಯಿತು. ಪೂರ್ವಕ್ಕೆ, ಪೆಸಿಫಿಕ್ ಕಡೆಗೆ ಹೋಗುವ ಕೇಬಲುಗಳಿದ್ದ ಕಾರಣ ಸಂಪರ್ಕ ಪೂರ್ತಿ ಸಾಯಲಿಲ್ಲ.

ನಮ್ಮ ತಾಲ್ಲೂಕುಗಳಲ್ಲೂ ಇಂಥ ಇಕ್ಕಟ್ಟುಗಳಿವೆ. ಮಲೆನಾಡಿನ ಎಷ್ಟೋ ಊರಿಗೆ ಒಂದೇ ರಸ್ತೆ, ಹೊಳೆಗೆ ಒಂದೇ ಸೇತುವೆ. ಉಂಗುರದ ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಗುತ್ತಿಗೆದಾರ ಒಂದೇ ಕಂದಕದಲ್ಲಿ ಹೂತರೆ ಬಿಲ್ಲಿನಲ್ಲಿ ಅದು ಉಂಗುರ, ಜೆಸಿಬಿಯ ಹಲ್ಲಿಗೆ ಒಂದೇ ಗೆರೆ. ಬೇರೆ ರಸ್ತೆ ಇಲ್ಲದ ಕಡೆ ಒಂದು ಕೊಂಡಿಯನ್ನಾದರೂ ರೇಡಿಯೊ ಮೂಲಕ ಕೊಡಬೇಕು. ಎರಡು ತಂತಿಗಳು ಎಲ್ಲೆಲ್ಲಿ ಹೋಗಿವೆ ಎಂಬ ನಕ್ಷೆ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಬೇಕು, ರಸ್ತೆ ಅಗೆಯುವವರ ಕೈಗೂ ಅದು ಸಿಗಬೇಕು. ಕಾಮಗಾರಿ ಮುಗಿಯಿತು ಎಂದು ಸಹಿ ಹಾಕುವ ಮೊದಲು ಎಂಜಿನಿಯರು ಒಂದು ಬದಿಯ ಫೈಬರನ್ನು ಬೇಕೆಂದೇ ಕಳಚಿ, ಉಂಗುರದ ಅತ್ತ ತುದಿಯ ಪಂಚಾಯಿತಿಗೆ ಫೋನ್ ಮಾಡಿ, ಪಿಡಿಒ ಅವರ ಪರದೆಯಲ್ಲಿ ಇ-ಸ್ವತ್ತು ಇನ್ನೂ ತೆರೆಯುತ್ತಿದೆಯೇ ಎಂದು ಕೇಳಲಿ. ಆಮೇಲೆ ಇನ್ನೊಂದು ಬದಿಯನ್ನೂ ಹಾಗೇ ಕಳಚಿ ನೋಡಲಿ.